ಸರಟೋಗದಲ್ಲಿ ಶರಣಾದ ಬರ್ಗಾಯ್ನ್, ಕ್ಲೈವ್‌ನ ವಿಚಾರಣೆಗೆ ಪಟ್ಟುಹಿಡಿದ ಬರ್ಗಾಯ್ನ್

ಪ್ರಶ್ನೆ: 1777ರಲ್ಲಿ ಅಮೆರಿಕದ ಸರಟೋಗದಲ್ಲಿ ಶರಣಾದ ಸೇನಾಪತಿ ಜಾನ್ ಬರ್ಗಾಯ್ನ್ ಮತ್ತು ಬ್ರಿಟಿಷ್ ಸಂಸತ್ತಿನಲ್ಲಿ ರಾಬರ್ಟ್ ಕ್ಲೈವ್‌ನ ವಿರುದ್ಧ ದನಿಯೆತ್ತಿದ ಬರ್ಗಾಯ್ನ್ ಒಬ್ಬನೇ ವ್ಯಕ್ತಿಯೇ? ಸೇವೆಯಲ್ಲಿದ್ದ ಸೈನಿಕನು ಸಂಸದನೂ ಆಗಿದ್ದದ್ದು ಹೇಗೆ? ಅಷ್ಟು ದೊಡ್ಡ ಸೋಲಿಗೆ ಅವನಿಗೆ ಶಿಕ್ಷೆಯಾಗಲಿಲ್ಲವೇ?

ಉತ್ತರ: ಹೌದು, ಒಬ್ಬನೇ. ಸೇನೆಯನ್ನೂ ಸಂಸತ್ತನ್ನೂ ನಾವು ಇಂದು ಬೇರೆಬೇರೆಯಾಗಿ ಕಾಣುತ್ತೇವೆ. ಆ ಕಾಲದ ಬ್ರಿಟನ್ನಿನಲ್ಲಿ ಹಾಗಿರಲಿಲ್ಲ. ಸೇನಾಧಿಕಾರಿಯ ಹುದ್ದೆಯನ್ನು ಹಣ ತೆತ್ತು ಪಡೆಯಬಹುದಾಗಿತ್ತು, ಸಂಸದರಿಗೆ ಸಂಬಳವಿರಲಿಲ್ಲ. ಹಾಗಾಗಿ ಎರಡೂ ಕಡೆ ಬಹುಮಟ್ಟಿಗೆ ಅದೇ ಸಿರಿವಂತ ಮನೆತನಗಳ ಗಂಡಸರೇ ತುಂಬಿದ್ದರು. ಸರ್ಕಾರದ ವಿರುದ್ಧ ಮತ ಹಾಕಿದ ಕಾರಣಕ್ಕೆ 1764ರಲ್ಲಿ, ಸಂಸದನೂ ಆಗಿದ್ದ ಹೆನ್ರಿ ಕಾನ್ವೇ ಎಂಬ ಸೇನಾಪತಿ ತನ್ನ ರೆಜಿಮೆಂಟನ್ನೇ ಕಳೆದುಕೊಂಡದ್ದುಂಟು. ಬರ್ಗಾಯ್ನ್‌ನ ಏಳಿಗೆಗೂ ಮದುವೆಯ ಸಂಬಂಧ ನೆರವಾಯಿತು. ಅರ್ಲ್ ಆಫ್ ಡರ್ಬಿಯ ಮಗಳು ಷಾರ್ಲಟ್ ಸ್ಟಾನ್ಲಿಯನ್ನು ಅವಳ ತಂದೆಯ ಒಪ್ಪಿಗೆಯಿಲ್ಲದೆ ವರಿಸಿದ್ದರೂ ಮುಂದೆ ಮಾವನ ಮನಸ್ಸು ಕರಗಿತು, ಆ ಮನೆತನದ ಬೆಂಬಲದಿಂದಲೇ 1768ರಲ್ಲಿ ಅವನು ಪ್ರೆಸ್ಟನ್ ಕ್ಷೇತ್ರದಲ್ಲಿ ಗೆದ್ದ. ಆ ಚುನಾವಣೆಯಲ್ಲಿ ಗಲಭೆಗೆ ಕುಮ್ಮಕ್ಕು ಕೊಟ್ಟನೆಂದು ನ್ಯಾಯಾಲಯ ಅವನಿಗೆ 1,000 ಪೌಂಡ್ ದಂಡ ವಿಧಿಸಿತು.

ನನ್ನ ಮಟ್ಟಿಗೆ ಅವನ ಬದುಕಿನ ಅತ್ಯಂತ ಮಹತ್ವದ ಕೆಲಸ ನಡೆದದ್ದು ಯುದ್ಧಭೂಮಿಯಲ್ಲಲ್ಲ, ಸಂಸತ್ತಿನ ಸಮಿತಿಯಲ್ಲಿ. 1772ರಲ್ಲಿ, ಬಂಗಾಳವು ಕ್ಷಾಮದಿಂದ ಇನ್ನೂ ಚೇತರಿಸಿಕೊಳ್ಳದಿದ್ದಾಗ, ಈಸ್ಟ್ ಇಂಡಿಯಾ ಕಂಪನಿಯ ವ್ಯವಹಾರಗಳ ತನಿಖೆಗೆ 31 ಸದಸ್ಯರ ಸಮಿತಿ ರಚಿಸುವಂತೆ ಮಾಡಿ ಅದರ ಅಧ್ಯಕ್ಷನಾದ. ಪ್ಲಾಸಿ ಕದನದ ಮುನ್ನ, ನವಾಬನ ವಿರುದ್ಧದ ಸಂಚಿನಲ್ಲಿ ಪಾಲುದಾರನಾಗಿದ್ದ ವರ್ತಕ ಅಮೀರ್‌ಚಂದನನ್ನು ವಂಚಿಸಲು ಕ್ಲೈವ್ ಕೆಂಪು ಕಾಗದದ ಮೇಲೆ ಸುಳ್ಳು ಒಪ್ಪಂದವೊಂದನ್ನು ಬರೆಸಿ, ಸಹಿ ಹಾಕಲು ಒಪ್ಪದ ಅಡ್ಮಿರಲ್ ವಾಟ್ಸನ್‌ನ ಹೆಸರನ್ನು ಬೇರೆಯವರಿಂದ ಹಾಕಿಸಿದ ಸಂಗತಿ ಆ ಸಮಿತಿಯ ಮುಂದೆ ದಾಖಲಾಯಿತು. ಅಂಥ ಸಂದರ್ಭ ಬಂದರೆ ನೂರು ಬಾರಿ ಹಾಗೆಯೇ ಮಾಡುವೆನೆಂದು ಕ್ಲೈವ್ ಹೇಳಿಕೆ ಕೊಟ್ಟ. 1773ರ ಮೇ ತಿಂಗಳಲ್ಲಿ ಬರ್ಗಾಯ್ನ್, ಕ್ಲೈವ್ ತನ್ನ ಅಧಿಕಾರ ಬಳಸಿ 2,34,000 ಪೌಂಡ್ ಗಳಿಸಿದನೆಂದು ಸದನದಲ್ಲಿ ನಿರ್ಣಯ ಮಂಡಿಸಿದ. ಸದನ ಹಣದ ಸಂಗತಿಯನ್ನು ಒಪ್ಪಿಕೊಂಡರೂ ಖಂಡನೆಗೆ ಮುಂದಾಗದೆ, ಕ್ಲೈವ್ ದೇಶಕ್ಕೆ ಮಹತ್ವದ ಸೇವೆ ಸಲ್ಲಿಸಿದ್ದಾನೆಂದು ಘೋಷಿಸಿಬಿಟ್ಟಿತು. ಹಾಗಿದ್ದೂ, ಕಂಪನಿಯ ಲೂಟಿಯ ವಿವರಗಳು ಅಲ್ಲಿನ ಕಡತಗಳಲ್ಲೇ ಉಳಿದುಬಂದದ್ದಕ್ಕೆ ನಾವು ಬರ್ಗಾಯ್ನ್‌ಗೆ ಋಣಿಗಳು.

ಇನ್ನು ಸರಟೋಗ. ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದ 1777ರ ಬೇಸಿಗೆಯಲ್ಲಿ ಕೆನಡಾದಿಂದ ದಕ್ಷಿಣಕ್ಕೆ ಹೊರಟ ಅವನು ಜುಲೈ 6ರಂದು ಟೈಕಾಂಡರೋಗ ಕೋಟೆಯನ್ನು ಸುಲಭವಾಗಿ ಹಿಡಿದ. ಕಂಟಕ ಎದುರಾದದ್ದು ಆಮೇಲಿನ ಕಾಡುದಾರಿಯಲ್ಲಿ. ಅಮೆರಿಕನ್ನರು ಮರಗಳನ್ನು ಕಡಿದು ದಾರಿಗೆ ಅಡ್ಡ ಕೆಡವಿ, ಸೇತುವೆಗಳನ್ನು ಮುರಿದಿದ್ದರಿಂದ ಭಾರೀ ತೋಪುಗಳನ್ನು ಎಳೆದುಕೊಂಡು ಸಾಗುತ್ತಿದ್ದ ಸೇನೆ ಸುಮಾರು 40 ಸೇತುವೆಗಳನ್ನು ಕಟ್ಟಿಕೊಳ್ಳಬೇಕಾಯಿತು. ಇನ್ನೊಬ್ಬ ಬ್ರಿಟಿಷ್ ಸೇನಾಪತಿ ಜನರಲ್ ಹೌ ನೆರವಿಗೆ ಬಾರದೆ ಫಿಲಡೆಲ್ಫಿಯಾದ ಕಡೆ ಹೋಗಿದ್ದ. ಅಕ್ಟೋಬರ್ 17ರಂದು ಬರ್ಗಾಯ್ನ್ ಸುಮಾರು 6,000 ಮಂದಿಯೊಡನೆ ಶಸ್ತ್ರ ಕೆಳಗಿಟ್ಟ. ಅಮೆರಿಕನ್ನರ ಈ ಗೆಲುವನ್ನು ಕಂಡು ಫ್ರಾನ್ಸ್ 1778ರಲ್ಲಿ ಅಮೆರಿಕದ ಜೊತೆ ಕೈಜೋಡಿಸಿತು. ಯುದ್ಧ ಭಾರತಕ್ಕೂ ಹಬ್ಬಿತು. 1779ರಲ್ಲಿ ಇಂಗ್ಲಿಷರು ಮಲಬಾರ್ ಕರಾವಳಿಯಲ್ಲಿದ್ದ ಫ್ರೆಂಚರ ಮಾಹೆ ಬಂದರನ್ನು ವಶಪಡಿಸಿಕೊಂಡರು. ಆ ಬಂದರಿನಿಂದಲೇ ಹೈದರ್ ಅಲಿಗೆ ಮದ್ದುಗುಂಡು ಪೂರೈಕೆಯಾಗುತ್ತಿತ್ತು. ಮರುವರ್ಷ ಅವನು ಕರ್ನಾಟಿಕ್ ಪ್ರಾಂತದ (ಆರ್ಕಾಟಿನ ಸುತ್ತಲಿನ ಸೀಮೆ) ಮೇಲೆ ದಂಡೆತ್ತಿ ಹೋಗಲು ಇದ್ದ ಕಾರಣಗಳಲ್ಲಿ ಇದು ಮುಖ್ಯವಾದುದು.

ಶಿಕ್ಷೆಯ ವಿಷಯಕ್ಕೆ ಬಂದರೆ, ಮಾತು ಕೊಟ್ಟು ಬಿಡುಗಡೆಯಾದ ಯುದ್ಧಕೈದಿಯೆಂಬ ನೆಪ ಹೇಳಿ ಸರ್ಕಾರ ಅವನನ್ನು ಸೇನಾ ವಿಚಾರಣೆಗೆ ಗುರಿಪಡಿಸಲಿಲ್ಲ. ವಿಚಾರಣೆ ನಡೆಸಿರೆಂದು ಸ್ವತಃ ಅವನೇ ಕೇಳಿಕೊಳ್ಳುತ್ತಿದ್ದ. ದೊರೆ ಭೇಟಿಗೆ ಅವಕಾಶ ಕೊಡಲಿಲ್ಲ. ಬರ್ಗಾಯ್ನ್‌ಗೆ ಉಳಿದ ವೇದಿಕೆಯೆಂದರೆ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ. ಅಲ್ಲಿ ಅವನು ವಿರೋಧಪಕ್ಷದ ಸಾಲಿಗೆ ಸೇರಿ, ಯುದ್ಧದ ಯೋಜನೆ ರೂಪಿಸಿದ ಮಂತ್ರಿಗಳತ್ತ ಬೆರಳು ತೋರಿಸಿದ. 1779ರಲ್ಲಿ ರೆಜಿಮೆಂಟೂ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನ (ಕಲ್ಕತ್ತೆಯ ಕೋಟೆಯದಲ್ಲ) ಗವರ್ನರ್ ಪದವಿಯೂ ಅವನ ಕೈತಪ್ಪಿದವು. 1782ರಲ್ಲಿ ಅವನ ಪಕ್ಷದವರು ಅಧಿಕಾರಕ್ಕೆ ಬರುತ್ತಲೇ ಐರ್ಲೆಂಡಿನ ದಂಡನಾಯಕನಾದ. ಮುಂದೆ ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನ ಮಹಾಭಿಯೋಗ ನಡೆಸಿದ ಸದಸ್ಯರಲ್ಲಿಯೂ ಅವನಿದ್ದ. 1792ರ ಆಗಸ್ಟ್ 4ರಂದು ಬರ್ಗಾಯ್ನ್ ಸಾಯುವಾಗ ಆ ಮೊಕದ್ದಮೆ ಮುಗಿದಿರಲಿಲ್ಲ. 1795ರಲ್ಲಿ ಹೇಸ್ಟಿಂಗ್ಸ್ ನಿರ್ದೋಷಿಯೆಂದು ತೀರ್ಪಾಯಿತು.