ಅಪ್ಪನ ಮಾತ್ರೆಗೆ ಎಲ್ಲಿ ಹೆಚ್ಚು ರಿಯಾಯಿತಿ ಎಂದು ಕೇಳಿದವರಿಗೆ

ಪಿಂಚಣಿದಾರರಾದ ತಂದೆಯವರ ಮಾತ್ರೆಗೆ ತಿಂಗಳಿಗೆ ಆರು ಸಾವಿರ ಹೋಗುತ್ತಿದೆ, ಹಿರಿಯರಿಗೆ ಹೆಚ್ಚು ರಿಯಾಯಿತಿ ಕೊಡುವ ಆ್ಯಪ್ ಯಾವುದು ಎಂದು ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಇದನ್ನೇ ಹುಡುಕುತ್ತಿದ್ದೆ. ದಯವಿಟ್ಟು ಬಿಡಿ. ಶೇ 20 ಕಡಿತವೆಂದರೆ ಕಂಪನಿ ಶೀಟಿನ ಮೇಲೆ ಅಚ್ಚು ಹಾಕಿದ ಎಂಆರ್‌ಪಿಯಲ್ಲಿ ಕಡಿತ. ಸರ್ಕಾರ ಬೆಲೆಗೆ ಮಿತಿ ಹಾಕುವ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇಲ್ಲದ ಔಷಧಿಯಾದರೆ ಆ ಎಂಆರ್‌ಪಿಯನ್ನೇ ವರ್ಷಕ್ಕೆ ಶೇ 10ರವರೆಗೆ ಏರಿಸಲು ಅವಕಾಶವಿದೆ.

ನಮ್ಮ ಅಮ್ಮನಿಗೆ ಸಕ್ಕರೆ, ಬಿ.ಪಿ., ಕೊಲೆಸ್ಟ್ರಾಲ್ ಮೂರೂ ಇದ್ದವು. ಜನೌಷಧಿ ಕೇಂದ್ರದಲ್ಲಿ ಸಿಗುವ ಜೆನೆರಿಕ್, ಅಂದರೆ ಬ್ರ್ಯಾಂಡ್ ಹೆಸರಿಲ್ಲದೆ ಒಳಗಿನ ಔಷಧಿಯ ಹೆಸರಿನಲ್ಲೇ ಮಾರುವ ಮಾತ್ರೆ, ಬ್ರ್ಯಾಂಡ್‌ಗಿಂತ ಶೇ 50ರಿಂದ 90ರಷ್ಟು ಅಗ್ಗ ಎನ್ನುವ ಸರ್ಕಾರದ ಮಾತನ್ನು ನಾನು ನಂಬಿರಲಿಲ್ಲ. ಮೊದಲ ಬಿಲ್ ನೋಡಿದಾಗ, ಅರ್ಧ ಮಾತ್ರೆ ಕೊಡುವುದನ್ನು ಮರೆತರೇನೋ ಎಂದು ಚೀಲ ಬಿಚ್ಚಿ ಎಣಿಸಿದೆ. ಎಲ್ಲವೂ ಇದ್ದವು.

ಎಡವಿದ್ದು ಮನೆಗೆ ಬಂದ ಮೇಲೆ. ಹಳೆಯ ಬ್ರ್ಯಾಂಡ್ ಮಾತ್ರೆಗಳು ಇನ್ನೂ ಎರಡು ಶೀಟು ಉಳಿದಿದ್ದವು. ದುಡ್ಡು ಕೊಟ್ಟು ತಂದದ್ದನ್ನು ಎಸೆಯುವುದು ಹೇಗೆ? ಬಿಸ್ಕತ್ತಿನ ಡಬ್ಬಿಯಲ್ಲಿ ಹಳೆಯದರ ಪಕ್ಕದಲ್ಲೇ ಹೊಸದನ್ನೂ ಇಟ್ಟು, "ಇದನ್ನು ಬೆಳಿಗ್ಗೆ ತಿಂಡಿಗೆ ಮೊದಲು ತಗೋ ಅಮ್ಮಾ" ಎಂದೆ. ಹಳೆಯದನ್ನು ನಿಲ್ಲಿಸು ಎಂದು ಹೇಳಲಿಲ್ಲ. ಅದನ್ನೂ ಹೇಳಬೇಕೇ ಎಂಬ ಭಾವ. ಅಮ್ಮ ಮಾತ್ರೆಯನ್ನು ಗುರುತಿಸುತ್ತಿದ್ದದ್ದು ಶೀಟಿನ ಬಣ್ಣದಿಂದ. ಹಳೆಯದರಲ್ಲಿ ಬ್ರ್ಯಾಂಡ್ ಹೆಸರು ದಪ್ಪಗೆ, ಒಳಗಿನ ಸಕ್ಕರೆ ಔಷಧಿಯ ಹೆಸರು ಗ್ಲಿಮೆಪಿರೈಡ್ ಎನ್ನುವುದು ಇರುವೆಯಷ್ಟು ಸಣ್ಣಗೆ. ಹೊಸದರಲ್ಲೂ ಅದೇ ಗ್ಲಿಮೆಪಿರೈಡ್, ಆದರೆ ಬ್ರ್ಯಾಂಡ್ ಹೆಸರೇ ಇಲ್ಲ. ವೈದ್ಯರು ಇನ್ನೊಂದು ಮಾತ್ರೆ ಸೇರಿಸಿದ್ದಾರೆ ಎಂದುಕೊಂಡು ಎರಡನ್ನೂ ನುಂಗುತ್ತಾ ಬಂದಳು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ; ವಯಸ್ಸಾಗಿ ಮೂತ್ರಪಿಂಡ ಸೊರಗಿದವರಲ್ಲಿ ಅದರ ಪರಿಣಾಮ ಬೇಗ ಇಳಿಯುವುದಿಲ್ಲ.

ಒಂದು ನಸುಕಿನಲ್ಲಿ ಅಮ್ಮನ ಸೆರಗು ಬೆವರಿಗೆ ತೊಯ್ದಿತ್ತು. ತೀರಿಹೋದ ಅಪ್ಪನನ್ನು ಹಾಲು ತಂದಿರಾ ಎಂದು ಕೇಳುತ್ತಿದ್ದಳು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದಿತ್ತು, ಗ್ಲುಕೋಮೀಟರ್ 43 ತೋರಿಸಿತು. ಆಸ್ಪತ್ರೆಯಲ್ಲಿ ಗ್ಲುಕೋಸ್ ಏರಿಸಿದರೂ ಸಕ್ಕರೆ ಮತ್ತೆ ಮತ್ತೆ ಕುಸಿಯಿತು. ಅಗ್ಗದ ಮಾತ್ರೆಯಿಂದ ಉಳಿಸಬಹುದಾಗಿದ್ದ ಎರಡು ವರ್ಷದ ಹಣ ಆ ಬಿಲ್ಲಿಗೆ ಹೋಯಿತು. ಜೆನೆರಿಕ್ ಔಷಧಿಯೇ ಕಳಪೆ ಎಂದು ನೆಂಟರೆಲ್ಲ ತೀರ್ಪು ಕೊಟ್ಟರು. ಕಳಪೆಯಾಗಿದ್ದರೆ ಸಕ್ಕರೆ ಅಷ್ಟು ಇಳಿಯುತ್ತಿತ್ತೇ?

ಅಗ್ಗದ ಔಷಧಿಯ ವಿಷಯದಲ್ಲಿ ನಡೆಯುವ ಚರ್ಚೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತವಾಗಿರಬೇಕು, ಆವರಣದಲ್ಲಿ ಜನೌಷಧಿ ಅಂಗಡಿ ಏಕೆ ಎಂದು ರಾಜ್ಯ ಸರ್ಕಾರ 2025ರಲ್ಲಿ ಅವುಗಳನ್ನು ಮುಚ್ಚಲು ಹೊರಟಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ 70 ದಾಟಿದವರಿಗೆಲ್ಲ ಆಯುಷ್ಮಾನ್ ಯೋಜನೆಯ 5 ಲಕ್ಷ ರೂಪಾಯಿ ರಕ್ಷಣೆಗೆ ಚಾಲನೆ ಕೊಟ್ಟಿತು. ಅದು ಆಸ್ಪತ್ರೆಗೆ ದಾಖಲಾದವರಿಗೆ. ತಿಂಗಳು ತಿಂಗಳೂ ನುಂಗುವ ಬಿ.ಪಿ. ಮಾತ್ರೆಗೆ ಅದರಲ್ಲಿ ಬಿಡಿಗಾಸಿಲ್ಲ. ವೈದ್ಯರು ಜೆನೆರಿಕ್ ಹೆಸರನ್ನೇ ಬರೆಯಬೇಕೆಂಬ ನಿಯಮ 2023ರ ಆಗಸ್ಟ್‌ನಲ್ಲಿ ಬಂತು, ಅದೇ ತಿಂಗಳು ತಡೆಹಿಡಿಯಲಾಯಿತು. ಚೀಟಿಯಲ್ಲಿ ಬ್ರ್ಯಾಂಡ್ ಬರೆದಿದ್ದರೆ ಚೀಟಿಯ ಮೇಲಷ್ಟೇ ಮಾರಬೇಕಾದ ಇಂಥ ಮಾತ್ರೆಗಳಿಗೆ ಬದಲಿಯನ್ನು ಅಂಗಡಿಯವರು ತಾವಾಗಿ ಕೊಡುವಂತಿಲ್ಲ.

ಆದ್ದರಿಂದ ಆ್ಯಪ್ ಬಿಟ್ಟು, ತಂದೆಯವರ ಅಷ್ಟೂ ಮಾತ್ರೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಮುಂದೆ ಸುರಿಯಿರಿ. ಯಾವುದನ್ನು ನಿಲ್ಲಿಸಬಹುದು ಎಂದು ಮೊದಲು ಕೇಳಿ. ಉಳಿದವಕ್ಕೆ ಜೆನೆರಿಕ್ ಹೆಸರು ಬರೆಸಿಕೊಳ್ಳಿ. ಅಮ್ಮನಿಗೆ ಆಸ್ಪತ್ರೆಯವರು ಗ್ಲಿಮೆಪಿರೈಡನ್ನೇ ತೆಗೆದುಹಾಕಿದರು, ಆಮೇಲೂ ಸಕ್ಕರೆ ಹತೋಟಿಯಲ್ಲೇ ಇದೆ. ಹೊಸ ಮಾತ್ರೆ ಮನೆಗೆ ಬಂದ ದಿನವೇ ಹಳೆಯ ಶೀಟು ಡಬ್ಬಿಯಿಂದ ಹೊರಹೋಗಲಿ, ಎಷ್ಟೇ ದುಬಾರಿಯದಾಗಿರಲಿ. ಥೈರಾಯ್ಡ್, ಮೂರ್ಛೆ ರೋಗ, ರಕ್ತ ತೆಳುವಾಗಿಸುವ ವಾರ್ಫರಿನ್ ಇವುಗಳ ಮಾತ್ರೆಯನ್ನು ಮಾತ್ರ ವೈದ್ಯರಿಗೆ ತಿಳಿಸದೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಿಸಬೇಡಿ.