ಹಿಮದ ಬೆಟ್ಟಕ್ಕೆ ಎಂಥ ಟೆಂಟ್ ಒಯ್ಯಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಜನವರಿಯಲ್ಲಿ ಇಬ್ಬರು ಗೆಳೆಯರು ಉತ್ತರಾಖಂಡದ ಕೇದಾರಕಂಠಕ್ಕೆ ಹೋಗುವವರಿದ್ದೇವೆ. ಟೆಂಟ್ ನಮ್ಮದೇ ಇರಲಿ ಎಂಬ ಆಸೆ. ಅಂಗಡಿಯವರು ‘ತ್ರೀ ಸೀಸನ್’ (ಹಿಮಗಾಲ ಬಿಟ್ಟು ಉಳಿದ ಕಾಲಕ್ಕೆ), ‘ಫೋರ್ ಸೀಸನ್’ (ಹಿಮಕ್ಕೂ ಆಗುವಂಥದ್ದು) ಎಂದು ಎರಡು ಬಗೆ ತೋರಿಸುತ್ತಾರೆ, ಬೆಲೆಯಲ್ಲಿ ಭಾರೀ ಅಂತರ. ಫೋರ್ ಸೀಸನ್ ಕೊಂಡರೆ ಒಳಗೆ ಬೆಚ್ಚಗಿರುತ್ತದೆಯೇ?
– ಕಾಲೇಜು ಉಪನ್ಯಾಸಕರು, ಬಳ್ಳಾರಿ

ಉತ್ತರ: ಟೆಂಟ್‌ನಿಂದ ಬೆಚ್ಚಗಾಗುತ್ತದೆ ಎಂಬ ಲೆಕ್ಕವನ್ನು ಮೊದಲು ಬಿಡಿ. ಎಷ್ಟೇ ದುಬಾರಿಯದಾದರೂ ಒಳಗಿನ ಗಾಳಿ ಹೊರಗಿನದಕ್ಕಿಂತ ಮೂರರಿಂದ ಐದು ಡಿಗ್ರಿ ಹೆಚ್ಚಿದ್ದರೆ ಹೆಚ್ಚು. ಬೆಚ್ಚಗಿಡುವುದು ಸ್ಲೀಪಿಂಗ್ ಬ್ಯಾಗ್ ಮತ್ತು ಅದರ ಕೆಳಗಿನ ಮ್ಯಾಟ್. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಕೇದಾರಕಂಠದ ಶಿಖರ ಸುಮಾರು 3,800 ಮೀಟರ್. ಮೇಲಿನ ಕ್ಯಾಂಪುಗಳೂ ಬಳ್ಳಾರಿಗಿಂತ ಹೆಚ್ಚುಕಡಿಮೆ ಮೂರು ಸಾವಿರ ಮೀಟರ್ ಎತ್ತರದಲ್ಲಿವೆ. ಎತ್ತರದ ಲೆಕ್ಕದಲ್ಲೇ ಇಪ್ಪತ್ತು ಡಿಗ್ರಿ ಹೋಯಿತು, ಉತ್ತರದ ಚಳಿ ಬೇರೆ. ಜನವರಿಯ ರಾತ್ರಿ ಸೊನ್ನೆಗಿಂತ ಎಂಟು-ಹತ್ತು ಡಿಗ್ರಿ ಕೆಳಗಿಳಿಯಬಹುದು ಎಂದುಕೊಂಡೇ ಹೊರಡಿ. ಮ್ಯಾಟಿನ ಆರ್-ವ್ಯಾಲ್ಯೂ, ಅಂದರೆ ತಂಪನ್ನು ತಡೆಯುವ ಶಕ್ತಿಯ ಅಂಕಿ, ಐದರ ಆಸುಪಾಸಿನಲ್ಲಿರಲಿ. ಮ್ಯಾಟ್ ಕಡಿಮೆಯದಾದರೆ ಎಂಥ ಬ್ಯಾಗಿದ್ದರೂ ನೆಲದ ತಂಪು ಬೆನ್ನಿಗೆ ಹತ್ತುತ್ತದೆ, ಏಕೆಂದರೆ ಮೈಭಾರಕ್ಕೆ ಬ್ಯಾಗಿನ ಅಡಿಭಾಗ ಚಪ್ಪಟೆಯಾಗಿ ಅಲ್ಲಿ ಗಾಳಿಯೇ ಉಳಿಯುವುದಿಲ್ಲ. ನಮ್ಮ ಕುರಿಗಾರರು ಕಂಬಳಿಯನ್ನು ಹೊದೆಯುವಷ್ಟೇ ಮುತುವರ್ಜಿಯಿಂದ ಹಾಸಿಕೊಳ್ಳುವುದೂ ಇದಕ್ಕೇ.

ಹಾಗಾದರೆ ಟೆಂಟಿನ ಕೆಲಸವೇನು? ಗಾಳಿಗೆ ಮುರಿಯದೆ ನಿಲ್ಲುವುದು, ಹಿಮವನ್ನು ಜಾರಿಸುವುದು, ಮಲಗಿದವರ ಉಸಿರಿನ ತೇವವನ್ನು ಹೊರಗೆ ಬಿಡುವುದು. ಈ ಮೂರನ್ನೇ ಇಟ್ಟುಕೊಂಡು ನೋಡಿ, ಡಬ್ಬದ ಮೇಲಿನ ಹೆಸರು ಏನೇ ಇರಲಿ.

ಮೊದಲು ಪೋಲುಗಳು. ಫೈಬರ್‌ಗ್ಲಾಸ್ ಪೋಲ್ ಚಳಿಗೆ ಪೆಡಸಾಗಿ ಉದ್ದಕ್ಕೆ ಸೀಳುತ್ತದೆ, ಸೀಳಿದ ಚೂಪು ತುದಿ ಬಟ್ಟೆಯನ್ನೂ ಹರಿಯುತ್ತದೆ. ಅಲ್ಯೂಮಿನಿಯಂ ಪೋಲನ್ನೇ ಕೇಳಿ. ಸಾಮಾನ್ಯ ಟೆಂಟುಗಳಲ್ಲಿ ಎಂಟೂವರೆ-ಒಂಬತ್ತು ಮಿಲಿಮೀಟರ್ ದಪ್ಪದವು ಬರುತ್ತವೆ, ಹಿಮಕ್ಕೆಂದು ಮಾಡಿದವುಗಳಲ್ಲಿ ಒಂಬತ್ತೂವರೆಯಿಂದ ಹನ್ನೊಂದು. ಎರಡು ಪೋಲು ನೆತ್ತಿಯಲ್ಲಿ ಒಮ್ಮೆ ಮಾತ್ರ ದಾಟುವ ಗುಮ್ಮಟದ ಟೆಂಟ್ ಅಡ್ಡಗಾಳಿಗೆ ಒಂದು ಮಗ್ಗುಲು ಒಳಕ್ಕೆ ಬಾಗುತ್ತದೆ. ಮೂರು-ನಾಲ್ಕು ಪೋಲು ಹಲವು ಕಡೆ ದಾಟಿದಷ್ಟೂ ನಡುವಿನ ಬಟ್ಟೆಯ ತುಂಡು ಚಿಕ್ಕದಾಗಿ ಹಿಮದ ಭಾರ ಹಂಚಿಹೋಗುತ್ತದೆ. ಗಾಳಿಯ ವೇಗ ಗಂಟೆಗೆ 30 ಕಿ.ಮೀ. ಇದ್ದದ್ದು 60ಕ್ಕೆ ಏರಿದರೆ ಅದು ತಳ್ಳುವ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಸಂಜೆ ಗಟ್ಟಿಮುಟ್ಟಾಗಿ ಕಂಡದ್ದು ನಡುರಾತ್ರಿ ನೆಲಕಚ್ಚುವುದು ಹೀಗೆ.

ಆಮೇಲೆ ಬಟ್ಟೆ. ಇಂಥ ಟೆಂಟಿಗೆ ಎರಡು ಪದರ: ಮಲಗುವ ಒಳಟೆಂಟ್, ಅದರ ಮೇಲೆ ಹೊರಹೊದಿಕೆ. ಹೊರಹೊದಿಕೆ ನೆಲದಿಂದ ಒಂದು ಗೇಣು ಮೇಲೆ ನಿಂತಿದ್ದರೆ ಅದು ಬೇಸಿಗೆಯ ಟೆಂಟ್. ಗಾಳಿಗೆ ಹಾರುವ ಪುಡಿಹಿಮ ಅಡಿಯಿಂದ ನುಗ್ಗುತ್ತದೆ. ಒಳಟೆಂಟ್ ಪೂರ್ತಿ ಸೊಳ್ಳೆಪರದೆಯಂಥ ಬಲೆಯಾಗಿದ್ದರೆ ಆ ಪುಡಿ ನೇರ ಮುಖದ ಮೇಲೆ. ಒಳಟೆಂಟಿನ ಗೋಡೆ ಬಟ್ಟೆಯದೇ ಇರಬೇಕು, ಬಲೆ ನೆತ್ತಿಯಲ್ಲಿ ಮತ್ತು ಬಾಗಿಲಲ್ಲಿ ಮಾತ್ರ, ಅದಕ್ಕೂ ಜಿಪ್ ಹಾಕಿ ಮುಚ್ಚುವ ಹಾಗಿರಬೇಕು. ನೀರು ತಡೆಯುವ ಅಂಕಿಯನ್ನು (ಎಷ್ಟು ಎತ್ತರದ ನೀರಿನ ಒತ್ತಡವನ್ನು ಬಟ್ಟೆ ತಡೆಯುತ್ತದೆ ಎಂಬ ಲೆಕ್ಕ) ಮಿಲಿಮೀಟರಿನಲ್ಲಿ ಬರೆದಿರುತ್ತಾರೆ: ಹೊದಿಕೆಗೆ 2,000 ಸಾಕು, ನೆಲಕ್ಕೆ 3,000ದಿಂದ 5,000 ಬೇಕು, ಏಕೆಂದರೆ ಮೊಣಕಾಲೂರಿದಾಗ ನೆಲದ ಬಟ್ಟೆಯ ಮೇಲೆ ಒತ್ತಡ ಹೆಚ್ಚು. ನೈಲಾನ್ ನೆನೆದರೆ ಸಡಿಲವಾಗಿ ಜೋಲುತ್ತದೆ, ರಾತ್ರಿ ಒಮ್ಮೆ ಎದ್ದು ಹಗ್ಗ ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟು ಜೋಲುವುದಿಲ್ಲ.

ಅಳತೆಯಲ್ಲಿ ಮೋಸಹೋಗುವವರೇ ಜಾಸ್ತಿ. ಇಬ್ಬರ ಟೆಂಟ್ ಎಂದು ಬರೆದದ್ದರಲ್ಲಿ ಚಳಿಯ ಉಬ್ಬು ಬ್ಯಾಗು, ಬೂಟು, ಬೆನ್ನುಚೀಲ ಸೇರಿದರೆ ಇಬ್ಬರಿಗೆ ಹಿಡಿಸದು. ಅಗಲ 140 ಸೆಂಟಿಮೀಟರಿಗೆ ಕಡಿಮೆಯಾಗದಿರಲಿ, ಉದ್ದ 220. ತುದಿಯ ಗೋಡೆ ಇಳಿಜಾರಾಗಿರುವುದರಿಂದ ಉದ್ದ ಸಾಲದಿದ್ದರೆ ಬ್ಯಾಗಿನ ಕಾಲುಕಡೆ ಗೋಡೆಗೆ ತಾಗಿ ಒದ್ದೆಯಾಗುತ್ತದೆ. ಇಂಥ ಟೆಂಟ್ ಮೂರರಿಂದ ನಾಲ್ಕು ಕೆಜಿ ತೂಗುತ್ತದೆ, ಬಟ್ಟೆ ಒಬ್ಬರು, ಪೋಲು-ಗೂಟ ಇನ್ನೊಬ್ಬರು ಹೊರಬಹುದು.

ನಮ್ಮ ಅಭಿಪ್ರಾಯ ಕೇಳಿದರೆ: ಈ ಒಂದೇ ಪ್ರಯಾಣಕ್ಕಾದರೆ ಟೆಂಟ್ ಬಾಡಿಗೆಗೆ ತಗೊಂಡು, ಕೈಯಲ್ಲಿರುವ ದುಡ್ಡನ್ನು ಬ್ಯಾಗಿಗೂ ಮ್ಯಾಟಿಗೂ ಹಾಕಿ. ಚಾರಣ ಶುರುವಾಗುವ ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತದೆ. ಅಲ್ಲೇ ಒಮ್ಮೆ ನಿಲ್ಲಿಸಿ ನೋಡದೆ ದುಡ್ಡು ಕೊಡಬೇಡಿ. ಪ್ರತಿ ಜಿಪ್ಪನ್ನೂ ಮೂರು ಸಲ ಎಳೆಯಿರಿ, ಪೋಲಿನ ಒಂದೊಂದು ಗೆಣ್ಣಿನಲ್ಲೂ ಬಿರುಕು ಹುಡುಕಿ, ಗೂಟ ಎಣಿಸಿ. ಆ ಬೆಟ್ಟ ಗೋವಿಂದ ಅಭಯಾರಣ್ಯದ ಕಡೆಯದು, ಸ್ವಂತ ಟೆಂಟ್ ಇದ್ದರೂ ಅರಣ್ಯ ಇಲಾಖೆಯ ಪರವಾನಗಿ ಬೇಕೇಬೇಕು.

ಪ್ರಶ್ನೆ: ಕಳೆದ ಚಳಿಗಾಲದಲ್ಲಿ ಮನಾಲಿ ಕಡೆ ಮಲಗಿದ್ದಾಗ ಮಳೆಯೇ ಇಲ್ಲದೆ ಟೆಂಟ್ ಒಳಗೆಲ್ಲ ತೊಟ್ಟಿಕ್ಕಿತು. ಸೋರುತ್ತದೆ ಎಂದು ಮಾರಿಬಿಡಲೇ?
– ಬ್ಯಾಂಕ್ ಉದ್ಯೋಗಿ, ಸಿಂಧನೂರು

ಉತ್ತರ: ಮಾರಬೇಡಿ, ಅದು ನಿಮ್ಮದೇ ಉಸಿರು. ಒಬ್ಬ ಮನುಷ್ಯ ಒಂದು ರಾತ್ರಿಯಲ್ಲಿ ಉಸಿರು-ಬೆವರಿನಲ್ಲಿ ಕಾಲು ಲೀಟರಿಗೂ ಮಿಕ್ಕಿ ನೀರು ಹೊರಬಿಡುತ್ತಾನೆ. ಅದು ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ, ಇನ್ನೂ ಚಳಿಯಾದರೆ ಬಿಳಿ ಹೆಪ್ಪಾಗಿ ಕೂತು ಬೆಳಗಿನ ಬಿಸಿಲಿಗೆ ಕರಗಿ ಸುರಿಯುತ್ತದೆ. ಚಳಿಯೆಂದು ಗಾಳಿಕಿಂಡಿ ಮುಚ್ಚಿದ್ದೇ ತಪ್ಪು. ಮೇಲೊಂದು, ಕೆಳಗೊಂದು ಕಿಂಡಿ ರಾತ್ರಿಯಿಡೀ ತೆರೆದಿರಬೇಕು, ಆಗಲೇ ತೇವದ ಗಾಳಿ ಮೇಲೆದ್ದು ಹೋಗುತ್ತದೆ. ಒದ್ದೆ ಬೂಟು, ಜಾಕೆಟ್ಟುಗಳನ್ನು ಚೀಲಕ್ಕೆ ಹಾಕಿ ಬಾಗಿಲ ಮುಂದಿನ ಪಡಸಾಲೆಯಲ್ಲಿಡಿ. ತಲೆಯನ್ನು ಬ್ಯಾಗಿನೊಳಗೆ ಎಳೆದುಕೊಂಡು ಉಸಿರಾಡಬೇಡಿ, ಬ್ಯಾಗಿನೊಳಗೆ ತುಂಬಿದ್ದು ನೆನೆದು ಮರುರಾತ್ರಿ ಚಳಿ ಹೊಡೆಯುತ್ತದೆ. ಬಿಸಿಲು ಬೀಳುವ ಮುಂಚೆಯೇ ಒಳಗಿನ ಹೆಪ್ಪನ್ನು ಒಣಬಟ್ಟೆಯಿಂದ ಕೆರೆದು ಹೊರಗೆ ಚೆಲ್ಲಿ.

ಜಾಗವೂ ಮುಖ್ಯ. ತಂಪುಗಾಳಿ ಭಾರ, ರಾತ್ರಿ ಕಣಿವೆಯ ತಳಕ್ಕೆ ನೀರಿನ ಹಾಗೆ ಇಳಿದು ನಿಲ್ಲುತ್ತದೆ. ಹಳ್ಳದ ದಂಡೆ ಬಿಟ್ಟು ಹತ್ತಿಪ್ಪತ್ತು ಅಡಿ ಮೇಲಿನ ಸಮತಟ್ಟು ಹುಡುಕಿದರೆ ಚಳಿಯೂ ಹನಿಯೂ ಎರಡೂ ಕಡಿಮೆ.

ಪ್ರಶ್ನೆ: ಹಿಮದಲ್ಲಿ ಗೂಟ ನಿಲ್ಲುವುದಿಲ್ಲ ಎನ್ನುತ್ತಾರೆ. ಇಲ್ಲೇ ಅಭ್ಯಾಸ ಮಾಡಿಕೊಂಡು ಹೋಗಲು ದಾರಿ ಇದೆಯೇ?
– ರೈಸ್ ಮಿಲ್ ನೌಕರರು, ಗಂಗಾವತಿ

ಉತ್ತರ: ಇದೆ, ಅದಕ್ಕೆ ಬೇಕಾದ ಸಾಮಾನು ನಿಮ್ಮ ಮಿಲ್ಲಿನಲ್ಲೇ ಸಿಗುತ್ತದೆ. ಹಿಮಕ್ಕೆ ಹತ್ತು ಕೆಜಿ ಅಕ್ಕಿಯ ಖಾಲಿ ಪ್ಲಾಸ್ಟಿಕ್ ಚೀಲದಷ್ಟು ಒಳ್ಳೆಯ ಗೂಟ ಇನ್ನೊಂದಿಲ್ಲ. ಚೀಲಕ್ಕೆ ಹಿಮ ತುಂಬಿ ಬಾಯಿ ಕಟ್ಟಿ. ಟೆಂಟಿನ ಹಗ್ಗವನ್ನು ಚೀಲದ ಸೊಂಟಕ್ಕೆ ಗಂಟು ಹಾಕದೆ ಒಂದು ಸುತ್ತು ಬಳಸಿ ತುದಿಯನ್ನು ಹಿಮದ ಮೇಲಕ್ಕೆ ತಂದು ಆ ಹಗ್ಗಕ್ಕೇ ಕಟ್ಟಿ. ಒಂದೂವರೆ ಅಡಿ ಗುಂಡಿ ತೋಡಿ ಚೀಲವನ್ನು ಹಗ್ಗಕ್ಕೆ ಅಡ್ಡಲಾಗಿ ಮಲಗಿಸಿ, ಮೇಲೆ ಹಿಮ ಹಾಕಿ ತುಳಿಯಿರಿ. ಅರ್ಧ ಗಂಟೆ ಹಗ್ಗ ಎಳೆಯಬೇಡಿ. ತುಳಿದ ಹಿಮದ ಹರಳುಗಳು ಒಂದಕ್ಕೊಂದು ಬೆಸೆದು ಗಾರೆಯಂತೆ ಗಟ್ಟಿಯಾಗಲು ಅಷ್ಟು ಹೊತ್ತು ಬೇಕು, ಅವಸರಕ್ಕೆ ಎಳೆದವರ ಚೀಲ ಕಿತ್ತುಬರುತ್ತದೆ. ಗಂಟು ಮೇಲಿರುವುದರಿಂದ ಬೆಳಿಗ್ಗೆ ಚೀಲ ಹೆಪ್ಪುಗಟ್ಟಿದ್ದರೂ ಹಗ್ಗವನ್ನು ಎಳೆದು ಬಿಡಿಸಿಕೊಳ್ಳಬಹುದು. ಚೀಲಗಳನ್ನು ಅಗೆದು ವಾಪಸ್ ತರಬೇಕು, ಬೆಟ್ಟದಲ್ಲಿ ಬಿಟ್ಟುಬರಬಾರದು.

ಹಿಮವಿಲ್ಲದ ಬಂಡೆನೆಲಕ್ಕೆ ಕಲ್ಲಿನ ಕಟ್ಟು. ಹಗ್ಗದ ತುದಿಯ ಕುಣಿಕೆಯನ್ನು ತೆಂಗಿನಕಾಯಿ ಗಾತ್ರದ ಕಲ್ಲಿಗೆ ಹಾಕಿ ನೆಲದ ಮೇಲಿಡಿ, ಅದರ ಮುಂದೆ, ಟೆಂಟಿನ ಕಡೆಗೆ, ಹಗ್ಗದ ಮೇಲೆಯೇ ದೊಡ್ಡ ಕಲ್ಲು ಹೇರಿ. ಗಾಳಿ ಎಳೆದಷ್ಟೂ ಸಣ್ಣ ಕಲ್ಲು ದೊಡ್ಡದಕ್ಕೆ ಒತ್ತಿ ಬಿಗಿಯುತ್ತದೆ. ನಮ್ಮ ಕಡೆಯ ಕಣಶಿಲೆ (ಗ್ರಾನೈಟ್) ಒರಟು, ತೆಳು ಹಗ್ಗವನ್ನು ಒಂದೇ ರಾತ್ರಿಯಲ್ಲಿ ತೇಯುತ್ತದೆ. ಕುಣಿಕೆಗೆ ನಾಲ್ಕೈದು ಮಿಲಿಮೀಟರಿನ ಹಗ್ಗವೇ ಬೇಕು.

ಅಭ್ಯಾಸಕ್ಕೆ ಆಷಾಢದ ಗಾಳಿಯನ್ನು ಬಳಸಿಕೊಳ್ಳಿ. ಗಾಳಿಗಿರಣಿಗಳು ತಿರುಗುವ ಯಲಬುರ್ಗಾ, ಕುಕನೂರು ಸೀಮೆಯಲ್ಲಿ ಪರಿಚಯದವರ ಹೊಲವಿದ್ದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆಯ ಕಣವಿಲ್ಲ. ದಪ್ಪ ಕೈಗವಸು ಹಾಕಿಕೊಂಡು, ಕತ್ತಲಲ್ಲಿ, ಹತ್ತು ನಿಮಿಷದೊಳಗೆ ನಿಲ್ಲಿಸಲು ಬರಬೇಕು. ಗಾಳಿಗೆ ಬೆನ್ನುಮಾಡಿದ ಕಡೆ ಬಾಗಿಲು ಇರಲಿ, ಗಾಳಿ ಬರುವ ಕಡೆಯ ಎರಡು ಮೂಲೆಗಳನ್ನು ಮೊದಲು ಕಟ್ಟಿ, ಆಮೇಲೆ ಪೋಲು ಎತ್ತಿ. ಆನೆಗೊಂದಿ, ದರೋಜಿ ಗುಡ್ಡಗಳಲ್ಲಿ ರಾತ್ರಿ ಮಲಗಲು ಹೋಗಬೇಡಿ. ಚಿರತೆ, ಕರಡಿ ಓಡಾಡುವ ಜಾಗ ಅದು, ಅನುಮತಿಯೂ ಇರುವುದಿಲ್ಲ.

ಪ್ರಶ್ನೆ: ನಮ್ಮ ತಮ್ಮ ಕೆನಡಾದ ಆಲ್ಬರ್ಟಾದಲ್ಲಿದ್ದಾನೆ. ನವೆಂಬರಿನಲ್ಲಿ ಅಲ್ಲಿನ ಗೆಳೆಯರು ಪರವಾನಗಿ ಪಡೆದು ರಾಕಿ ಪರ್ವತಕ್ಕೆ ಬೇಟೆಗೆ ಹೋಗುವಾಗ ಇವನೂ ಒಂದು ವಾರ ಜೊತೆಗಿರುತ್ತಾನಂತೆ. ಒಳಗೇ ಸೌದೆ ಒಲೆ, ಹೊಗೆಕೊಳವೆ ಇರುವ ಟೆಂಟ್ ಕೊಳ್ಳುತ್ತೇನೆ ಎನ್ನುತ್ತಾನೆ. ಟೆಂಟಿನೊಳಗೆ ಬೆಂಕಿ ಎಂದರೆ ಮನೆಯಲ್ಲಿ ಅಮ್ಮನಿಗೆ ನಿದ್ದೆಯಿಲ್ಲ.
– ಶಿಕ್ಷಕಿ, ಕೊಪ್ಪಳ

ಉತ್ತರ: ಅಮ್ಮನ ಭಯಕ್ಕೆ ಕಾರಣವಿದೆ. ಆದರೂ ಅಂಥ ಟೆಂಟ್ ಅಲ್ಲಿ ಹಳೆಯ ರೂಢಿ, ಕ್ರಮ ತಪ್ಪದಿದ್ದರೆ ನಡೆಯುತ್ತದೆ. ಒಂದೇ ಕಡೆ ವಾರಗಟ್ಟಲೆ ಇರುವ ಬೇಟೆಗಾರರಿಗೆ ದಿನಾ ನೆನೆದ ಬಟ್ಟೆ-ಬೂಟು ಒಣಗಿಸಲೇಬೇಕು, ಒಲೆ ಮುಖ್ಯವಾಗಿ ಅದಕ್ಕೆ.

ಎರಡು ಬಗೆ ಇವೆ. ದಪ್ಪ ಹತ್ತಿ ಕ್ಯಾನ್ವಾಸಿನ, ಮನೆಯಂಥ ಗೋಡೆಯ ಟೆಂಟ್ ಚೌಕಟ್ಟು ಸೇರಿ 30 ಕೆಜಿ ದಾಟುತ್ತದೆ. ಗಾಡಿ ಇಲ್ಲವೇ ಕುದುರೆ ಹೋಗುವಲ್ಲಿಗೆ ಮಾತ್ರ ಸರಿ. ಹೊಸ ಕ್ಯಾನ್ವಾಸನ್ನು ಮನೆಯ ಹಿತ್ತಲಲ್ಲಿ ನಿಲ್ಲಿಸಿ ಪೂರ್ತಿ ನೆನೆಸಿ ಒಣಗಿಸಬೇಕು. ದಾರ ಉಬ್ಬಿ ಹೊಲಿಗೆಯ ತೂತು ಮುಚ್ಚಿಕೊಳ್ಳುತ್ತದೆ, ಇದನ್ನು ಬಿಟ್ಟವರದು ಮೊದಲ ಮಳೆಗೇ ಸೋರುತ್ತದೆ. ಇನ್ನೊಂದು, ನಡುವೆ ಒಂದೇ ಕಂಬದ ನೈಲಾನ್ ಟೆಂಟ್. ಟೈಟಾನಿಯಂ ಒಲೆ ಸೇರಿಯೂ ಹೊತ್ತು ನಡೆಯಬಹುದು. ಆದರೆ ಕಿಡಿ ಬಿದ್ದಲ್ಲೆಲ್ಲ ನೈಲಾನ್ ಕರಗಿ ತೂತಾಗುತ್ತದೆ. ವಾಹನ ಹೋಗುವ ದಾರಿಯಾದರೆ ಕ್ಯಾನ್ವಾಸೇ ಇರಲಿ ಎನ್ನುತ್ತೇವೆ.

ಒಲೆ ಬಟ್ಟೆಯ ಗೋಡೆಯಿಂದ ಕನಿಷ್ಠ ಎರಡು ಅಡಿ ದೂರ, ಬಾಗಿಲ ದಾರಿಗೆ ಅಡ್ಡವಿಲ್ಲದಂತೆ ಇರಬೇಕು. ಕೊಳವೆ ಹೊರಹೋಗುವ ಕಡೆ ಬೆಂಕಿ ತಡೆಯುವ ಬಟ್ಟೆಯ ತೇಪೆಯನ್ನು ಕಾರ್ಖಾನೆಯಲ್ಲೇ ಹೊಲಿದಿರಬೇಕು, ಸಾದಾ ಟೆಂಟಿಗೆ ತೂತು ಕೊರೆಯುವ ಸಾಹಸ ಬೇಡ. ಕೊಳವೆಯ ತುದಿ ಟೆಂಟಿನ ನೆತ್ತಿಗಿಂತ ಮೇಲಿರಲಿ, ತುದಿಯಲ್ಲಿ ಕಿಡಿ ಹಿಡಿಯುವ ಜಾಲರಿ ಇರಲಿ. ಜಾಲರಿಗೆ ದಿನವೂ ಮಸಿ ಕಟ್ಟುತ್ತದೆ. ತಟ್ಟಿ ತೆಗೆಯದಿದ್ದರೆ ಹೊಗೆ ಒಳಕ್ಕೇ ತಿರುಗುತ್ತದೆ, ಅದರೊಂದಿಗೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಆದ್ದರಿಂದ ಅದರ ಅಲಾರಂ ಮಲಗುವವರ ತಲೆಯ ಮಟ್ಟದಲ್ಲಿ ಕಡ್ಡಾಯ. ಚಳಿಗೆ ಸಾದಾ ಸೆಲ್ ಬೇಗ ಸೋಲುತ್ತದೆ, ಅಲಾರಂಗೆ ಹೊಂದುವುದಾದರೆ ಲಿಥಿಯಂ ಸೆಲ್ ಹಾಕಬೇಕು.

ಮಲಗುವ ಮುಂಚೆ ಒಲೆ ಆರಲಿ. ಸಣ್ಣ ಒಲೆ ಹೇಗೂ ಬೇಗ ಆರಿಹೋಗುತ್ತದೆ, ಹಾಗಾಗಿ ಒಲೆ ಇಲ್ಲವೇ ಇಲ್ಲ ಎಂದುಕೊಂಡೇ ಸ್ಲೀಪಿಂಗ್ ಬ್ಯಾಗ್ ಆರಿಸಬೇಕು. ಒಲೆಯನ್ನು ನೆಚ್ಚಿ ತೆಳು ಬ್ಯಾಗ್ ಒಯ್ಯುವುದೇ ಇದರಲ್ಲಿ ಆಗುವ ದೊಡ್ಡ ತಪ್ಪು. ಇನ್ನೊಂದು ಮಾತು ಅವನಿಗೆ ತಪ್ಪದೆ ಹೇಳಿ: ಅದು ಗ್ರಿಜ್ಲಿ ಕರಡಿಯ ನಾಡು. ಮಾಂಸ, ಅಡುಗೆ, ರಕ್ತದ ಕಲೆಯ ಬಟ್ಟೆ ಯಾವುದೂ ಟೆಂಟಿನ ನೂರು ಮೀಟರ್ ಒಳಗೆ ಇರಬಾರದು.

ಇದನ್ನು ಓದಿ ಹಿಮಾಲಯಕ್ಕೂ ಒಲೆ ಟೆಂಟ್ ಒಯ್ಯೋಣ ಎಂದು ಯಾರೂ ಹೊರಡಬೇಡಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆಯೇ ನಿಷಿದ್ಧ, ಅಭಯಾರಣ್ಯದಲ್ಲಿ ಸೌದೆಗೂ ಕೈಹಾಕುವಂತಿಲ್ಲ, ಇನ್ನೂ ಮೇಲೆ ಮರವೇ ಇಲ್ಲ. ಗ್ಯಾಸ್ ಒಲೆಯನ್ನೂ ಮುಚ್ಚಿದ ಟೆಂಟಿನೊಳಗೆ ಹಚ್ಚಬೇಡಿ.

ಪ್ರಶ್ನೆ: ಟೆಂಟಿನಡಿ ತಾಡಪತ್ರಿ ಹಾಸಬಹುದೇ?
– ವಿದ್ಯಾರ್ಥಿ, ರಾಯಚೂರು

ಉತ್ತರ: ಹಾಸಿ, ಟೆಂಟಿನ ತಳಕ್ಕಿಂತ ಸುತ್ತಲೂ ಎರಡು ಬೆರಳು ಚಿಕ್ಕದಾಗಿ ಕತ್ತರಿಸಿಕೊಂಡು. ಅಂಚು ಹೊರಗೆ ಚಾಚಿದರೆ ಹೊದಿಕೆಯಿಂದ ಇಳಿದ ನೀರು ಅದರ ಮೇಲೆ ಹರಿದು ನಿಮ್ಮಡಿಗೇ ಬಂದು ನಿಲ್ಲುತ್ತದೆ.

ಪ್ರಶ್ನೆ: ಎರಡು ವರ್ಷ ಅಟ್ಟದ ಮೇಲಿದ್ದ ಟೆಂಟ್ ಬಿಚ್ಚಿದರೆ ಒಳಗೆಲ್ಲ ಅಂಟಂಟು, ಕೆಟ್ಟ ವಾಸನೆ. ಬಳಸಿದ್ದು ಒಂದೇ ಸಲ.
– ಗಣಿ ಕಂಪನಿ ನೌಕರರು, ಸಂಡೂರು

ಉತ್ತರ: ನಮ್ಮ ಸೀಮೆಯಲ್ಲಿ ಟೆಂಟುಗಳು ಬೆಟ್ಟಕ್ಕಿಂತ ಮನೆಯಲ್ಲೇ ಹೆಚ್ಚು ಹಾಳಾಗುತ್ತವೆ. ಬಟ್ಟೆಯ ಒಳಮೈಗೆ ಬಳಿದ ಪಾಲಿಯುರಿಥೇನ್ ಲೇಪ ತೇವ ಮತ್ತು ಕಾವು ಎರಡೂ ಸೇರಿದರೆ ಕೊಳೆತು ಅಂಟಾಗುತ್ತದೆ. ಒದ್ದೆ ಉಳಿದ ಟೆಂಟನ್ನು ಬಿಗಿಯಾಗಿ ಸುತ್ತಿ, ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಸೂರಿನಡಿ ಇಟ್ಟರೆ ಒಲೆಯ ಮೇಲಿಟ್ಟಂತೆಯೇ. ಅಂಟು ಬಂದ ಲೇಪ ಮೊದಲಿನಂತಾಗದು, ಆ ಟೆಂಟನ್ನು ಹಿಮಕ್ಕೆ ಒಯ್ಯಬೇಡಿ.

ಮುಂದಿನದನ್ನು ಹೀಗೆ ಕಾಪಾಡಿ: ಬಂದ ದಿನವೇ ಬಿಚ್ಚಿ ನೆರಳಲ್ಲಿ ಎರಡು ದಿನ ಒಣಗಿಸಿ, ಬಿಸಿಲಲ್ಲಿ ಬೇಡ, ನೈಲಾನಿನ ಕಸುವು ಹೋಗುತ್ತದೆ. ಹಳೆಯ ಪಂಚೆಯಲ್ಲಿ ಹೊಲಿದ ದೊಡ್ಡ ಚೀಲಕ್ಕೆ ಸಡಿಲವಾಗಿ ತುಂಬಿ, ಮನೆಯ ತಂಪಾದ ಕೋಣೆಯ ಬೀರುವಿನ ಕೆಳಖಾನೆಯಲ್ಲಿಡಿ. ಸಂಡೂರಿನ ಕೆಂಪು ದೂಳು ಜಿಪ್ಪಿನ ಹಲ್ಲಿಗೆ ಕೂತರೆ ಅರದಂತೆ ತೇಯುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನೀರು ಹಾಕಿ ತೊಳೆದು ಒಣಗಿದ ಮೇಲೆ ಮೇಣದಬತ್ತಿ ಉಜ್ಜಿ. ಪೋಲುಗಳನ್ನು ಮಡಿಸುವಾಗ ನಡುವಿನಿಂದ ಶುರುಮಾಡಿ ತುದಿಗೆ ಬನ್ನಿ, ಒಳಗಿನ ಎಲಾಸ್ಟಿಕ್ ಎರಡೂ ಕಡೆ ಸಮನಾಗಿ ಎಳೆದುಕೊಂಡು ಹೆಚ್ಚು ಕಾಲ ಬಾಳುತ್ತದೆ.