ಅವಳಿ – 2 ಎಂಬ ಚೀಟಿ

ಇದು 25ನೆಯ ವಾರದಲ್ಲಿ ಅವಳಿ ಗಂಡುಮಕ್ಕಳನ್ನು ಪಡೆದು, ಆರನೆಯ ದಿನ ಅವರಲ್ಲಿ ಒಬ್ಬನನ್ನು ಕಳೆದುಕೊಂಡ ದಂಪತಿಯ ಪ್ರಕರಣ. ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಗರ್ಭಕ್ಕೆ 28 ವಾರ ತುಂಬುವ ಮೊದಲೇ ಹುಟ್ಟುವ ಮಕ್ಕಳನ್ನು ವೈದ್ಯರು ಅತ್ಯಂತ ಅವಧಿಪೂರ್ವ ಶಿಶುಗಳೆಂದು ಕರೆಯುತ್ತಾರೆ. ಮೊದಲನೆಯವನ ತೂಕ 690 ಗ್ರಾಂ, ಎರಡನೆಯವನದು 740. ಇಬ್ಬರಿಗೂ ಶ್ವಾಸಕೋಶ ಬಿಚ್ಚಿಕೊಳ್ಳಲೆಂದು ಸರ್ಫ್ಯಾಕ್ಟಂಟ್ ಕೊಟ್ಟು ವೆಂಟಿಲೇಟರಿನಲ್ಲಿ ಇರಿಸಲಾಗಿತ್ತು. ಇಷ್ಟು ಎಳೆಯ ಮಕ್ಕಳ ಮಿದುಳಿನ ಒಳಗಿನ ರಕ್ತನಾಳಗಳು ರಕ್ತದೊತ್ತಡದ ಏರಿಳಿತವನ್ನು ತಾಳುವಷ್ಟು ಗಟ್ಟಿಯಾಗಿರುವುದಿಲ್ಲ; ರಕ್ತಸ್ರಾವವಾಗುವುದಾದರೆ ಬಹುಪಾಲು ಮೊದಲ 72 ಗಂಟೆಗಳಲ್ಲೇ ಆಗುತ್ತದೆ. ಮೊದಲನೆಯವನಿಗೆ ಆದದ್ದೂ ಅದೇ. ಅವನು ತೀರಿಕೊಂಡಾಗ ತಾಯಿ ಜ್ವರದಿಂದ ಬೇರೆ ವಾರ್ಡಿನಲ್ಲಿದ್ದರು. ಕೊನೆಯ 40 ನಿಮಿಷ ಅವನು ತಂದೆಯ ಕೈಯಲ್ಲಿದ್ದ.

ಇದಾಗಿ ಹನ್ನೆರಡು ದಿನಗಳ ಮೇಲೆ ತಾಯಿಯನ್ನು ಆಪ್ತಸಲಹೆಗೆಂದು ನನ್ನ ಬಳಿಗೆ ಕಳಿಸಿದರು. ಜೊತೆಗಿದ್ದ ಪತ್ರದಲ್ಲಿ 'ಉಳಿದ ಮಗುವಿನ ಮೇಲೆ ಮಮತೆ ಕಾಣುತ್ತಿಲ್ಲ, ಹಾಲಿನ ಬಾಟಲಿಯನ್ನು ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲಲ್ಲೇ ಕೊಟ್ಟು ಹೋಗುತ್ತಾರೆ' ಎಂದಿತ್ತು. ಈ ಮಾತನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು, ದಿನಕ್ಕೆ ಎಂಟು ಸಲ ಪಂಪ್ ಹಿಡಿದು ಕೂರುವ ಹೆಂಗಸಿಗೆ ಮಮತೆಯಿಲ್ಲ ಎಂದು ಬರೆಯುವ ಮೊದಲು ಯಾರಾದರೂ ಆ ಎಂಟು ಸಲವನ್ನು ಎಣಿಸಬೇಕಿತ್ತು.

ನನ್ನಿಂದಲೂ ತಪ್ಪಾಯಿತು. ಮೊದಲೆರಡು ಭೇಟಿಗಳಲ್ಲಿ ನಾನು ಭಯವನ್ನೇ ಹುಡುಕುತ್ತಾ ಹೋದೆ: ಯಂತ್ರಗಳ ಭಯವೇ, ಮಾನಿಟರಿನ ಸದ್ದಿನ ಭಯವೇ, ಇವನೂ ಹೋಗಿಬಿಟ್ಟರೆ ಎಂಬ ಭಯವೇ ಎಂದು ಕೇಳಿದೆ. ಆಕೆ ಎಲ್ಲದಕ್ಕೂ ಹೌದೆಂದರು, ಆದರೆ ಒಳಗೆ ಕಾಲಿಡಲಿಲ್ಲ. ಮೂರನೆಯ ಭೇಟಿಯಲ್ಲಿ, ನಾನು ಏನೂ ಕೇಳದೆ ಸುಮ್ಮನಿದ್ದಾಗ, "ಚೀಟಿ ಬದಲಾಯಿಸಿಬಿಟ್ಟಿದ್ದಾರೆ ಮೇಡಂ" ಎಂದರು. ಇನ್‌ಕ್ಯುಬೇಟರಿನ ಮೇಲೆ ಮೊದಲಿನಿಂದ 'ಅವಳಿ – 2' ಎಂಬ ಚೀಟಿಯಿತ್ತಂತೆ. ತಾಯಿಗೆ ನೋವಾಗದಿರಲೆಂದು ಯಾರೋ ನರ್ಸ್ ಅದನ್ನು ಕಿತ್ತು, ಬರೀ 'ಮಗು' ಎಂದು ಬರೆದು ಅಂಟಿಸಿದ್ದರು. "ಎರಡು ಅಂತ ಇದ್ದರೆ ಒಂದು ಇತ್ತು ಅಂತ ಗೊತ್ತಾಗುತ್ತಿತ್ತು. ನಾನು ಎತ್ತಿಕೊಳ್ಳಲೇ ಇಲ್ಲ. ಆ ಅಕ್ಷರ ಬಿಟ್ಟರೆ ಅವನು ಇನ್ನೆಲ್ಲಿದ್ದ?"

ಅಂದೇ ಸಂಜೆ ಘಟಕದ ಮುಖ್ಯ ನರ್ಸ್ ಜೊತೆ ಮಾತನಾಡಿ ಹಳೆಯ ಚೀಟಿಯನ್ನೇ ಹಾಕಿಸಿದೆ. ಮರುದಿನ ತಾಯಿ ಒಳಗೆ ಹೋದರು. ಇದು ಸಲಹೆಯ ಗೆಲುವೇನಲ್ಲ. ಆಕೆಯ ಬೇಡಿಕೆ ಅಷ್ಟು ಚಿಕ್ಕದಾಗಿತ್ತು, ಅದನ್ನು ಕೇಳಿಸಿಕೊಳ್ಳಲು ನನಗೆ ಮೂರು ಭೇಟಿ ಹಿಡಿಯಿತು.

ತಂದೆಯ ದಾರಿ ಬೇರೆ. ಅವರ ಬಳಿ ಒಂದು ನೋಟ್‌ಬುಕ್ ಇತ್ತು: ದಿನದ ತೂಕ, ಆಮ್ಲಜನಕದ ಪ್ರಮಾಣ, ಕೊಳವೆಯಲ್ಲಿ ಹೋದ ಹಾಲು ಎಷ್ಟು ಮಿಲಿಲೀಟರ್ ಎಂಬುದೆಲ್ಲ ಅದರಲ್ಲಿತ್ತು. "ಇವತ್ತು ಇಪ್ಪತ್ತು ಗ್ರಾಂ ಏರಿದ್ದಾನೆ ಕಣೇ" ಎಂದರೆ ಹೆಂಡತಿ ಮುಖ ತಿರುಗಿಸುತ್ತಿದ್ದರು. ಇವರಿಗೆ ಮರೆತೇ ಹೋಗಿದೆ ಎಂದು ಆಕೆಯ ದೂರು, ಅವಳು ಬದುಕಿರುವವನನ್ನು ನೋಡುತ್ತಿಲ್ಲ ಎಂದು ಇವರ ದೂರು. ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ವಿವರಿಸಿದಂತೆ, ದುಃಖದಲ್ಲಿರುವವರು ಅಗಲಿಕೆಯ ಕಡೆಗೂ ಮುಂದಿನ ಬದುಕಿನ ಕಡೆಗೂ ತೂಗಾಡುತ್ತಿರುತ್ತಾರೆ. ಈ ಮನೆಯಲ್ಲಿ ಒಬ್ಬರು ಒಂದು ತುದಿಯಲ್ಲೂ ಇನ್ನೊಬ್ಬರು ಇನ್ನೊಂದು ತುದಿಯಲ್ಲೂ ಕಾವಲು ಕೂತಿದ್ದರು. ಆ 40 ನಿಮಿಷಗಳ ಬಗ್ಗೆ ತಂದೆ ಹೆಂಡತಿಗೆ ಏನನ್ನೂ ಹೇಳಿರಲಿಲ್ಲ, ಹೇಳಿದರೆ ಕುಸಿದುಹೋಗುತ್ತಾಳೆಂದು ಅಂಜಿಕೆ. ನನ್ನೆದುರಿಗೇ ಹೇಳಬಹುದೇ ಎಂದು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ, ಇಬ್ಬರೂ ಒಪ್ಪಿದ ಮೇಲೆ ಕೂರಿಸಿದೆ. ಟೋಪಿ ದೊಡ್ಡದಾಗಿ ಪದೇ ಪದೇ ಕಣ್ಣಿನ ಮೇಲೆ ಜಾರುತ್ತಿತ್ತು, ತಾನು ಒಂದೇ ಬೆರಳಿನಿಂದ ಮೇಲೆ ಸರಿಸುತ್ತಿದ್ದೆ ಎಂದು ಅವರು ಹೇಳಿದರು. ಯಾವ ಬೆರಳು ಎಂದು ಆಕೆ ಕೇಳಿದರು. ಅವರು ತೋರಿಸಿದರು.

ಹೀಗೆ ಸಾಗುತ್ತಿರುವಾಗ ಎರಡನೆಯವನ ಹೊಟ್ಟೆ ಉಬ್ಬರಿಸಿ, ಕರುಳಿನ ಸೋಂಕಿನ ಅನುಮಾನದಿಂದ ಹಾಲು ನಿಲ್ಲಿಸಿ ಆಂಟಿಬಯಾಟಿಕ್ ಆರಂಭಿಸಿದರು. ತನ್ನ ದುಃಖವೇ ಹಾಲಿನಲ್ಲಿ ಇಳಿದು ಹೀಗಾಯಿತೇ ಎಂದು ತಾಯಿ ಕೇಳಿದಾಗ ನಾನು ಅಲ್ಲ ಎಂದೆ, ಆದರೆ ಅಷ್ಟಕ್ಕೇ ಬಿಡಲಿಲ್ಲ. ಇಂಥ ಪ್ರಶ್ನೆಗೆ ಶಿಶುವೈದ್ಯರ ಬಾಯಿಂದಲೇ ಉತ್ತರ ಬರಬೇಕು. ತಾಯಿಯ ಹಾಲು ಈ ಕಾಯಿಲೆಯ ಅಪಾಯವನ್ನು ಕಡಿಮೆ ಮಾಡುತ್ತದೆಂದು ಅವರೇ ಕೂತು ವಿವರಿಸಿದರು. ಮಗು ಚೇತರಿಸಿಕೊಂಡಿತು. ಚೇತರಿಸಿಕೊಳ್ಳುತ್ತದೆಂದು ನಾನು ಮಾತ್ರ ಮೊದಲೇ ಭರವಸೆ ಕೊಟ್ಟಿರಲಿಲ್ಲ, ಕೊಡಬಾರದು ಕೂಡ.

ಮುಟ್ಟುವ ವಿಷಯದಲ್ಲಿ ಆತುರಪಡಿಸಲಿಲ್ಲ. ಒಂದು ಕೈ ತಲೆಯ ಮೇಲೆ, ಇನ್ನೊಂದು ಮಡಿಸಿದ ಪಾದಗಳ ಮೇಲೆ, ಸವರದೆ ಸುಮ್ಮನೆ ಇಟ್ಟಿರುವಂತೆ ಹೇಳಿದೆ. ಆ ತೆಳು ಚರ್ಮಕ್ಕೆ ಸವರುವುದು ಹಿಂಸೆ, ನಿಶ್ಚಲ ಸ್ಪರ್ಶ ಹಿತ. ಗರ್ಭದ ಲೆಕ್ಕದಲ್ಲಿ 30ನೆಯ ವಾರ, ಮೂಗಿನ ಮೂಲಕ ಒತ್ತಡದಿಂದ ಗಾಳಿ ಕೊಡುವ ಸಿಪ್ಯಾಪ್ ಇರುವಾಗಲೇ, ಮಗುವನ್ನು ಬರಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಒರಗಿಸಿಕೊಳ್ಳುವ ಕಾಂಗರೂ ಆರೈಕೆ ಆರಂಭವಾಯಿತು. ಇನ್‌ಕ್ಯುಬೇಟರುಗಳ ಕೊರತೆಯಿದ್ದ ಬೊಗೋಟಾದ ಆಸ್ಪತ್ರೆಯೊಂದರಲ್ಲಿ 1970ರ ದಶಕದ ಕೊನೆಗೆ ಶುರುವಾದ ಈ ಕ್ರಮವನ್ನು ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡುತ್ತದೆ. ಮೊದಲ ದಿನ ಆಕೆ ಇಡೀ ಹೊತ್ತು ಅತ್ತರು. ಅತ್ತರೆ ಮಗುವಿಗೆ ಕೆಡುಕಾಗುವುದಿಲ್ಲ, ಎದ್ದು ಹೋಗಬೇಕಿಲ್ಲ ಎಂದಷ್ಟೇ ಹೇಳಿದೆ.

'ಒಂದಾದರೂ ಉಳಿಯಿತಲ್ಲ' ಎನ್ನುವ ನೆಂಟರಿಗೆ "ಹೌದು, ಒಂದು ಹೋಯಿತು ಕೂಡ" ಎಂದು ಹೇಳಿ ಮಾತು ಮುಗಿಸಲು ಇಬ್ಬರಿಗೂ ಸೂಚಿಸಿದೆ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸುವ ಎಡಿನ್‌ಬರೋ ಖಿನ್ನತೆ ಮಾಪನದ ಹತ್ತು ಪ್ರಶ್ನೆಗಳನ್ನು ತಾಯಿಗೆ ಎರಡು ಬಾರಿ ಕೇಳಿದೆ. ಸ್ವಹಾನಿಯ ಕುರಿತ ಹತ್ತನೆಯದಕ್ಕೆ ಎರಡು ಸಲವೂ ಇಲ್ಲವೆಂದರು. ಹೌದೆಂದಿದ್ದರೆ ಅಂದೇ ಮನೋವೈದ್ಯರ ಬಳಿ ಕರೆದೊಯ್ಯುತ್ತಿದ್ದೆ.

ಒಂದು ವಿಷಯ ಉಳಿದಿತ್ತು. ಫ್ರೀಜರಿನಲ್ಲಿ 'ಅವಳಿ – 1' ಎಂದು ಬರೆದ ಒಂಬತ್ತು ಪುಟ್ಟ ಸಿರಿಂಜುಗಳಲ್ಲಿ ಮೊದಲ ದಿನಗಳ ಗಿಣ್ಣುಹಾಲಿತ್ತು. ಎರಡನೆಯವನಿಗೆ ಕೊಡಲು ವೈದ್ಯಕೀಯವಾಗಿ ಅಡ್ಡಿಯಿರಲಿಲ್ಲ. ಆದರೆ ಹೆಪ್ಪುಗಟ್ಟಿಸಿದ ಹಾಲು ಮೂರು ತಿಂಗಳು ಇರುತ್ತದೆ, ಇಂದೇ ತೀರ್ಮಾನಿಸಬೇಕಿಲ್ಲ, ಅವರನ್ನು ಕೇಳದೆ ಯಾರೂ ಚೆಲ್ಲಬಾರದು ಎಂದು ಘಟಕಕ್ಕೂ ತಿಳಿಸಿದೆ.

ಹೆರಿಗೆಗೆಂದು ವೈದ್ಯರು ಮೊದಲು ಕೊಟ್ಟಿದ್ದ ತಾರೀಖು ಇನ್ನೂ ಮುಂದಿದೆ. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಇಬ್ಬರಿಗೂ ನೆನಪಿತ್ತು. ಆ ದಿನ ಅಳು ಮತ್ತೆ ಒತ್ತರಿಸಿ ಬರುವುದು ಸಹಜವಾದ್ದರಿಂದ, ಮುಂದಿನ ಭೇಟಿಯನ್ನು ಅದರ ಹಿಂದಿನ ದಿನಕ್ಕೆ ಇಟ್ಟುಕೊಂಡಿದ್ದೇವೆ. ಸಿರಿಂಜುಗಳಲ್ಲಿ ಆರನ್ನು ತಾಯಿಯೇ ಹೇಳಿ ಕೊಡಿಸಿದರು. ಮೂರು ಇನ್ನೂ ಫ್ರೀಜರಿನಲ್ಲಿವೆ.